‘ನೀರು ಉಳಿಸಿ’ ಅಂತ ಬರೆಸೋದು ಸಾಕು, ಮಕ್ಕಳಿಗೆ ನೀರು ಅಳೆಯೋದು ಕಲಿಸೋಣ



ರೋಹಿಣಿ ಮಳೆ ಈ ಸಲ ಪರವಾಗಿಲ್ಲ. ಒಂದು ರಾತ್ರಿ ನಮ್ಮೂರಲ್ಲಿ 38 ಮಿಲಿಮೀಟರ್ ಬಿತ್ತು. ಈ ಲೆಕ್ಕ ಕೊಟ್ಟಿದ್ದು ಟಿವಿಯೂ ಅಲ್ಲ, ಮೊಬೈಲೂ ಅಲ್ಲ. ಶಾಲೆ ಕಾಂಪೌಂಡಲ್ಲಿ ಮಕ್ಕಳು ಕೂಲ್‌ಡ್ರಿಂಕ್ಸ್ ಬಾಟಲಿ ಕೊಯ್ದು ಮಾಡಿಟ್ಟಿರೋ ಮಳೆಮಾಪಕ. ಬೆಳಿಗ್ಗೆ ಹಾಲು ಹಾಕೋಕೆ ಡೈರಿಗೆ ಹೋಗ್ತಿದ್ದಾಗ ಆರನೇ ಕ್ಲಾಸಿನ ಒಬ್ಬ ಹುಡುಗ ಓಡಿಬಂದು, ‘ಮಾವ, ಮೂವತ್ತೆಂಟು’ ಅಂದ. ಅಷ್ಟೇ ಹೇಳಿ ಓಡಿಹೋದ.

ಅದೇ ಶಾಲೆ ಗೋಡೆಗೆ ಸುಣ್ಣ ಹೊಡೀಬೇಕು, ಮಕ್ಕಳು ಬರೆದಿರೋ ನಕ್ಷೆ ಅಳಿಸಬೇಕು ಅಂತ ಊರಲ್ಲಿ ಕೆಲವರು ಹಠ ಹಿಡಿದಿದ್ದಾರೆ. ಬರೋ ಸೋಮವಾರ ಪಂಚಾಯ್ತಿ ಹತ್ರ ಅದೇ ಮಾತುಕತೆ. ಅದಕ್ಕೆ ಮುಂಚೆ ನನ್ನ ಅಭಿಪ್ರಾಯ ಇಲ್ಲಿ ಬರೆದುಬಿಡ್ತೀನಿ. ಸುತ್ತಮುತ್ತಲ ಊರಿನೋರು ‘ನೀವು ಶಿಬಿರ ಹೆಂಗೆ ಮಾಡಿದ್ರಿ, ಜಗಳ ಯಾಕಾಯ್ತು’ ಅಂತ ಕೇಳ್ತಾನೇ ಇದ್ದೀರಿ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗಲಿ.

ನಮ್ದು ಕೊರಟಗೆರೆ ಸೀಮೆ, ಜಯಮಂಗಲಿ ಬಯಲು. ಏಪ್ರಿಲ್ ಕೊನೆಯಲ್ಲಿ ಹತ್ತು ದಿನ ಬೇಸಿಗೆ ಶಿಬಿರ ಮಾಡಿದ್ವಿ. ಐದರಿಂದ ಒಂಬತ್ತನೇ ಕ್ಲಾಸಿನ 34 ಮಕ್ಕಳು. ಬೆಳಿಗ್ಗೆ ಏಳರಿಂದ ಹನ್ನೊಂದು, ಆಮೇಲೆ ಬಿಸಿಲಿಗೆ ಯಾರೂ ಹೊರಗಿಲ್ಲ. ಹೇಳಿಕೊಡೋಕೆ ಇದ್ದಿದ್ದು ಇಬ್ಬರು. ಪಕ್ಕದೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ಜಿಕೆವಿಕೆಯಲ್ಲಿ ಕೃಷಿ ಓದ್ತಿರೋ ನಮ್ಮೂರ ಹುಡುಗಿ ಒಬ್ಬಳು. ಖರ್ಚು ಅಂದ್ರೆ ತಿಂಡಿ, ಮಜ್ಜಿಗೆ, ಸುಣ್ಣದ ಪುಡಿ, ದಾರ, ಒಂದಷ್ಟು ಪೈಪಿನ ತುಂಡು, ಒಂದು ದಿನದ ಬಸ್ಸು. ಊರಿನೋರೇ ಕೈಲಾದಷ್ಟು ಹಾಕಿದ್ರು.

ಮೊದಲ ದಿನವೇ ನಾವು ತಪ್ಪು ಮಾಡಿದ್ವಿ. ಎಲ್ಲಾ ಕಡೆ ಮಾಡೋ ಹಾಗೆ ಡ್ರಾಯಿಂಗ್ ಶೀಟ್ ಕೊಟ್ಟು ‘ನೀರಿನ ಬಗ್ಗೆ ಚಿತ್ರ ಬರೀರಿ’ ಅಂದ್ವಿ. 34 ಮಕ್ಕಳಲ್ಲಿ ಮುಕ್ಕಾಲು ಪಾಲು ಬರೆದಿದ್ದು ಒಂದೇ ಚಿತ್ರ: ಒಂದು ನಲ್ಲಿ, ಕೆಳಗೆ ಒಂದು ಹನಿ, ಹನಿಯೊಳಗೆ ಭೂಮಿ, ಮೇಲೆ ‘ನೀರು ಉಳಿಸಿ’. ನಮ್ಮೂರಲ್ಲಿ ಆ ವಾರ ನಲ್ಲೀಲಿ ನೀರೇ ಬಂದಿರಲಿಲ್ಲ! ಮೇಷ್ಟ್ರು ಶೀಟೆಲ್ಲ ಮಡಚಿಟ್ಟು, ‘ಇವು ಕಂಡದ್ದನ್ನ ಬರೀತಿಲ್ಲ, ಹೇಳಿಕೊಟ್ಟದ್ದನ್ನ ಬರೀತಾವೆ. ನಾಳೆಯಿಂದ ಪೇಪರ್ ಬೇಡ’ ಅಂದ್ರು. ಶಿಬಿರ ನಿಜವಾಗಿ ಶುರುವಾಗಿದ್ದು ಎರಡನೇ ದಿನ.

ಏನು ಮಾಡಿಸಿದ್ವಿ ಅಂತ ಹೇಳ್ತೀನಿ. ಬೇಕಾದೋರು ಹಾಗೇ ಮಾಡಬಹುದು.

ಮೊದಲು ಮಳೆಮಾಪಕ. ನೇರ ಗೋಡೆ ಇರೋ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕೊಯ್ದು, ಅದನ್ನೇ ತಲೆಕೆಳಗಾಗಿ ಆಲಿಕೆ ಥರ ಒಳಗಿಡಬೇಕು. ತಳ ಉಬ್ಬು ತಗ್ಗು ಇರುತ್ತಲ್ಲ, ಅಲ್ಲಿಗೆ ಜಲ್ಲಿಕಲ್ಲು ಹಾಕಿ, ನೇರ ಗೋಡೆ ಶುರುವಾಗೋ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಬೇಕು. ಅಲ್ಲಿಂದ ಮೇಲೆ ಸ್ಕೇಲ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು. ಎಕರೆ ಅಂದ್ರೆ 4,047 ಚದರ ಮೀಟರ್. ಈಗ ನೀವೇ ಲೆಕ್ಕ ಹಾಕಿ. ಮೊನ್ನೆಯ 38 ಮಿಲಿಮೀಟರ್ ಮಳೆಗೆ ನಿಮ್ಮ ಒಂದೆಕರೆ ಮೇಲೆ ಬಿದ್ದಿದ್ದು ಒಂದೂವರೆ ಲಕ್ಷ ಲೀಟರ್‌ಗೂ ಜಾಸ್ತಿ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ತು ಟ್ಯಾಂಕರ್, ಪುಕ್ಕಟೆ, ಒಂದೇ ರಾತ್ರಿ! ಅದರಲ್ಲಿ ಎಷ್ಟು ಇಂಗಿತು, ಎಷ್ಟು ಹರಿದುಹೋಯ್ತು ಅನ್ನೋದು ನಮ್ಮ ಬದುವಿಗೆ ಬಿಟ್ಟಿದ್ದು.

ಆಮೇಲೆ ಇಂಗೋ ಲೆಕ್ಕ. ಅಂಗೈ ಅಗಲದ ಪಿವಿಸಿ ಪೈಪಿನ ತುಂಡುಗಳನ್ನ ಮಣ್ಣಿಗೆ ಒಂದಿಷ್ಟು ಬಡಿದು, ಒಳಗೆ ಒಂದೊಂದು ಲೀಟರ್ ನೀರು ಹೊಯ್ದು ಗಡಿಯಾರ ನೋಡೋದು. ಹೊಂಗೆ ಮರದ ಕೆಳಗೆ ಒಂದು, ಟ್ರಾಕ್ಟರ್ ತಿರುಗಿ ತಿರುಗಿ ಗಟ್ಟಿಯಾದ ಹೊಲದ ಮೂಲೇಲಿ ಒಂದು, ಕೆರೆ ಅಂಗಳದ ಗೋಡು ಮಣ್ಣಿನಲ್ಲಿ ಒಂದು. ಹೊಂಗೆ ಕೆಳಗಿನ ನೀರು ಮಕ್ಕಳು ನೋಡ್ತಿದ್ದಂಗೇ ಇಳಿದುಹೋಯ್ತು. ಹೊಲದ ಮೂಲೇದು ಮಕ್ಕಳು ಮಜ್ಜಿಗೆ ಕುಡಿದು ಬಂದ್ರೂ ಹಾಗೇ ನಿಂತಿತ್ತು. ಆ ಮೂರೂ ಕಡೆಯ ಮಣ್ಣು ತಂದು, ಅರೆದು, ಸೋಸಿ, ಅಂಟು ಬೆರೆಸಿ ಅದನ್ನೇ ಬಣ್ಣ ಮಾಡಿದ್ರು. ಕೆಮ್ಮಣ್ಣು, ಕಪ್ಪು ಗೋಡು, ಸುಣ್ಣ, ಇದ್ದಿಲು, ನೀಲಿಗೆ ಬಟ್ಟೆಗೆ ಹಾಕೋ ನೀಲಿ. ಯಾವ ಮಣ್ಣು ನೀರು ಕುಡಿಯುತ್ತೆ, ಯಾವುದು ತಡೆಯುತ್ತೆ ಅನ್ನೋದು ಅರೆದ ಕೈಗೆ ಗೊತ್ತಾಗುತ್ತೆ. ಇದನ್ನ ಪುಸ್ತಕ ಓದಿಸಿ ಕಲಿಸೋಕೆ ಆಗಲ್ಲ.

ಬಣ್ಣ ಬೆರೆಸೋದು ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಪಂಚಾಯ್ತಿಗೆ ಕೊಟ್ಟಿರೋ ನೀರು ಪರೀಕ್ಷೆ ಕಿಟ್ ತಂದು ಫ್ಲೋರೈಡ್ ನೋಡಿಸಿದ್ವಿ. ನೀರಿಗೆ ಔಷಧಿ ಹಾಕಿದ್ಮೇಲೆ ಬರೋ ಬಣ್ಣವನ್ನ ಕಾರ್ಡಿನ ಬಣ್ಣದ ಜೊತೆ ಹೋಲಿಸಬೇಕು. ನನಗೆ ಎರಡೂ ಒಂದೇ ಥರ ಕಂಡ್ವು. ನಾಲ್ಕು ದಿನ ಬಣ್ಣ ಕಲಸಿದ್ದ ಮಕ್ಕಳು ‘ಇದು ಅದಕ್ಕಿಂತ ಒಂಚೂರು ಹಳದಿ’ ಅಂತ ಸಲೀಸಾಗಿ ಹೇಳಿದ್ವು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ದಾರಿ ಇಲ್ಲದಿದ್ರೆ 1.5 ತನಕ, ಅದಕ್ಕೆ ಮೇಲೆ ಬೇಡ ಅನ್ನೋದು ಸರ್ಕಾರದ ಮಾನಕ. ಒಂದು ಮಾತು ಎಲ್ಲ ಹೆಣ್ಣುಮಕ್ಕಳಿಗೂ ತಲುಪಲಿ: ಫ್ಲೋರೈಡ್ ನೀರು ಕಾಯಿಸಿದ್ರೆ ಹೋಗಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಅದು ಗಟ್ಟಿಯಾಗುತ್ತೆ.

ಒಂದು ದಿನ ದೇವರಾಯನದುರ್ಗಕ್ಕೆ ಕರ್ಕೊಂಡು ಹೋಗಿದ್ವಿ. ನಾಮದ ಚಿಲುಮೆ ನೋಡಿ ಬೆಟ್ಟ ಹತ್ತಿದ್ವಿ. ಆ ಬೆಟ್ಟಸಾಲಲ್ಲಿ ಹುಟ್ಟಿದ ಜಯಮಂಗಲಿ ನಮ್ಮ ಕಡೆ ಇಳಿದು ಉತ್ತರ ಪಿನಾಕಿನಿ ಸೇರಿ ಆಂಧ್ರದ ಕಡೆ ಹೋಗುತ್ತೆ. ಅಲ್ಲೇ ಹುಟ್ಟಿದ ಶಿಂಷಾ ಕುಣಿಗಲ್, ಮದ್ದೂರು ದಾರಿ ಹಿಡಿದು ಕಾವೇರಿ ಸೇರುತ್ತೆ. ಮಕ್ಕಳು ಒಂದೊಂದು ಲೋಟ ನೀರು ಆಕಡೆ ಈಕಡೆ ಚೆಲ್ಲಿ, ‘ನಂದು ತಮಿಳುನಾಡಿಗೆ, ನಿಂದು ನೆಲ್ಲೂರಿಗೆ’ ಅಂತ ನಕ್ಕವು. ದಿಬ್ಬ, ಇಳಿಜಾರು, ನೀರಿನ ದಾರಿ ಅಂದ್ರೇನು ಅಂತ ಮತ್ತೆ ವಿವರಿಸೋ ಕೆಲಸ ಬೀಳಲಿಲ್ಲ.

ಇಷ್ಟರವರೆಗೆ ಎಲ್ಲರಿಗೂ ಸಂತೋಷ. ಜಗಳ ಶುರುವಾಗಿದ್ದು ಮುಂದಿನ ಮೂರು ಕೆಲಸದಿಂದ.

ಒಂದು, ಬೋರಿನ ಲೆಕ್ಕ. ಮಕ್ಕಳು ಮನೆಮನೆಗೆ ಹೋಗಿ ‘ನಿಮ್ಮ ಬೋರ್ ಯಾವ ವರ್ಷ ಹಾಕಿಸಿದ್ದು, ಎಷ್ಟಡಿ, ಈಗ ನೀರಿದೆಯಾ’ ಅಂತ ಕೇಳಿಬಂದ್ರು. ಹಳೇ ಸೀರೆ ಹರಿದು ಪಟ್ಟಿ ಮಾಡಿದ್ರು. ನೂರಡಿಗೆ ಹತ್ತು ಸೆಂಟಿಮೀಟರ್ ಲೆಕ್ಕ. ನೀರಿರೋ ಬೋರಿಗೆ ನೀಲಿ, ಒಣಗಿದ್ದಕ್ಕೆ ಕೆಮ್ಮಣ್ಣು. ವರ್ಷದ ಪ್ರಕಾರ ಅರಳಿಕಟ್ಟೆ ಹತ್ರ ಹಗ್ಗಕ್ಕೆ ಸಾಲಾಗಿ ಕಟ್ಟಿದ್ರು. ಒಟ್ಟು 71 ಪಟ್ಟಿ. ಎಡಗಡೆ ತುದೀಲಿ 1988ರ ಬೋರು, 140 ಅಡಿ, ಗೇಣಿಗಿಂತ ಚಿಕ್ಕದು. ಬಲಕ್ಕೆ ಹೋಗ್ತಾ ಹೋಗ್ತಾ ಪಟ್ಟಿ ಇಳೀತಾ ಹೋಗಿ, ಕೊನೇಲಿ 1,200 ಅಡಿಯದು ಐದನೇ ಕ್ಲಾಸಿನ ಹುಡುಗನ ಗಲ್ಲದ ಮಟ್ಟಕ್ಕೆ ಬಂತು. 44 ಕೆಂಪು, 27 ನೀಲಿ.

ಅದರಲ್ಲಿ ನನ್ನವು ನಾಲ್ಕು. ಮೂರು ಕೆಂಪು. ನಮ್ಮನೆಯವಳು ಸಂಜೆ ನೋಡೋಕೆ ಬಂದವಳು ಒಂದು ಪಟ್ಟಿ ಹತ್ರ ನಿಂತುಬಿಟ್ಲು. ಅದು ಅವಳದೇ ಹಳೇ ಸೀರೆ, ನಮ್ಮ ಮೂರನೇ ಬೋರು. ಆ ವರ್ಷ ಅವಳ ಸರ ಅಡ ಇಟ್ಟು ಕೊರೆಸಿದ್ದು, ಬರೀ ಧೂಳು ಬಂದಿತ್ತು. ಮನೇಲಿ ಆ ವಿಷಯ ನಾವು ಮಾತಾಡಿ ಎಷ್ಟೋ ವರ್ಷ ಆಗಿತ್ತು. ಅವತ್ತು ರಾತ್ರಿ ಮಾತಾಡಿದ್ವಿ. ‘ಇನ್ನೊಂದು ಹಾಕಿಸಲ್ಲ ತಾನೆ?’ ಅಂತ ಕೇಳಿದ್ಲು. ‘ಇಲ್ಲ’ ಅಂದೆ. ಬೋರ್ ಹಾಕಿಸೋಕೆ ಪಾಯಿಂಟ್ ನೋಡಿಸಿ ಆಗಿತ್ತು, ಇಲ್ಲಿಗೆ ನಿಲ್ಲಿಸಿದೆ.

ಎರಡು, ತಲಪರಿಗೆ. ಈಗಿನ ಹುಡುಗರಿಗೆ ಆ ಪದವೇ ಗೊತ್ತಿಲ್ಲ. ನಮ್ಮ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ಹಳ್ಳದ ಪಕ್ಕದ ಮರಳು ನೆಲದಲ್ಲಿ ತಾನಾಗೇ ಒಸರೋ ನೀರನ್ನ ಗುಂಡಿ ತೋಡಿ, ಕಾಲುವೆ ಕಟ್ಟಿ ಹೊಲಕ್ಕೆ ಹರಿಸ್ತಿದ್ರು. ಮೋಟರ್ ಇಲ್ಲ, ಕರೆಂಟ್ ಇಲ್ಲ. ವರ್ಷಕ್ಕೊಮ್ಮೆ ಪಾಲುದಾರರೆಲ್ಲ ಸೇರಿ ಹೂಳು ತೆಗೀತಿದ್ರು. ಎಂಬತ್ತು ದಾಟಿದ ನಮ್ಮೂರ ಅಜ್ಜಿ ಒಬ್ಬರು ಕೋಲು ಊರಿಕೊಂಡು ಬಂದು, ಜಾಲಿ ಪೊದೆಯೊಳಗೆ ಜಾಗ ತೋರಿಸಿದ್ರು. ‘ಯುಗಾದಿ ಕಳೆದ್ರೂ ಇಲ್ಲಿ ಮೊಣಕಾಲುದ್ದ ನೀರು ಇರ್ತಿತ್ತು ಕಣ್ರಪ್ಪಾ’ ಅಂದ್ರು. ಮಕ್ಕಳು ಅಜ್ಜಿ ಹೇಳಿದ ಹಾಗೆ ಅದನ್ನ ಚಿತ್ರ ಬರೆದು, ಬೋರಿನ ಪಟ್ಟಿ ಪಕ್ಕದಲ್ಲಿ ಇಟ್ಟರು. ಪಟ್ಟಿ ಉದ್ದ ಆಗ್ತಾ ಹೋದ ವರ್ಷಗಳೂ ತಲಪರಿಗೆ ಬತ್ತಿದ ವರ್ಷಗಳೂ ಅವೇ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೂರು, ನೀರಿನ ದಾರಿ. ಮೂರು ಬಿದಿರು ಕಡ್ಡಿ ಎ ಆಕಾರಕ್ಕೆ ಕಟ್ಟಿ, ನಡುವೆ ದಾರಕ್ಕೆ ಕಲ್ಲು ಇಳಿಬಿಟ್ರೆ ಮಟ್ಟ ನೋಡೋ ಸಾಧನ ಆಗುತ್ತೆ. ದಾರ ನಡುಗುರುತಿಗೆ ಬಂದ್ರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಅಂತ. ಅದನ್ನ ಇಟ್ಕೊಂಡು ಸಮಮಟ್ಟದ ಗೆರೆಗಳನ್ನ ಸುಣ್ಣದ ಪುಡಿಯಲ್ಲಿ ಎಳೆದ್ರು. ಆಮೇಲೆ ಮೇಷ್ಟ್ರು ಒಂದು ಆಟ ಆಡಿಸಿದ್ರು. ‘ನೀವೆಲ್ಲ ಮಳೆ ನೀರು. ದಿಬ್ಬದ ಮೇಲಿಂದ ಹೊರಟು ಇಳಿಜಾರಿಗೇ ಓಡಬೇಕು, ಮೇಲಕ್ಕೆ ಹತ್ತೋ ಹಾಗಿಲ್ಲ. ಕೆರೆ ಮುಟ್ಟಬೇಕು.’ ಮಕ್ಕಳು ಕಿರುಚಿಕೊಂಡು ಓಡಿದ್ವು. ಗುಂಪುಗುಂಪಾಗಿ ಬಂದು ಕಾಲುವೆ ಸೇರಿದ್ವು. ಕಾಲುವೇಲಿ ಓಡಿಬಂದು ಒಂದು ಬೇಲಿ ಮುಂದೆ ನಿಂತ್ವು. ನನ್ನ ತಂಗಿ ಮಗಳು ಅಲ್ಲಿಂದಲೇ ಕೂಗಿದ್ಲು: ‘ಮಾವ, ನೀರು ಇಲ್ಲಿ ನಿಂತೋಯ್ತು!’

ಅದು ನನ್ನ ಅಡಿಕೆ ತೋಟದ ಬೇಲಿ.

ಸುಳ್ಳು ಹೇಳಲ್ಲ, ಮೊದಲು ಸಿಟ್ಟು ಬಂತು. ಆಮೇಲೆ ದಿಶಾಂಕ್ ಆಪ್ ತೆಗೆದು, ಗ್ರಾಮ ನಕ್ಷೆ ಹಿಡಿದು ನೋಡಿದೆ. ಕೆರೆ ಕಾಲುವೆ ಬಿ ಖರಾಬು. ಅಂದ್ರೆ ಸಾರ್ವಜನಿಕರದ್ದು, ನನ್ನ ಪಹಣೀಲಿ ಖರಾಬು ಅಂತ ಬರೆದಿದ್ರೂ ಉಳೋ ಹಕ್ಕಿಲ್ಲ. ಟೇಪ್ ಹಿಡಿದಾಗ ಹದಿನಾರು ಅಡಿ ಇರಬೇಕಾದ ಕಾಲುವೆ ನನ್ನ ಪಕ್ಕದಲ್ಲಿ ನಾಲ್ಕಡಿ ಉಳಿದಿತ್ತು. ಜೆಸಿಬಿ ಬಂದಿದ್ದಾಗ ‘ಇದನ್ನೂ ಒಂಚೂರು ಸಮ ಮಾಡಪ್ಪಾ’ ಅಂದಿದ್ದು ನಾನೇ. ಇಪ್ಪತ್ತು ವರ್ಷದಿಂದ ‘ಕೆರೆ ತುಂಬ್ತಿಲ್ಲ, ಸರ್ಕಾರ ಏನ್ ಮಾಡ್ತಿದೆ’ ಅಂತ ಎಲ್ಲಾ ಸಭೇಲೂ ಎದ್ದುನಿಂತು ಕೇಳಿದೋನೂ ನಾನೇ.

ಮೇ ತಿಂಗಳಲ್ಲಿ ಬೇಲಿ ಕಿತ್ತು, 120 ಅಡಿ ಉದ್ದಕ್ಕೆ ಕಾಲುವೆ ಬಿಟ್ಟುಕೊಟ್ಟೆ. ಒಂದು ಸಾಲು, 14 ಅಡಿಕೆ ಗಿಡ ಹೋಯ್ತು. ಫಲಕ್ಕೆ ಬಂದ ಗಿಡ ಕಡಿಯೋದು ಎಷ್ಟು ಕಷ್ಟ ಅಂತ ಅಡಿಕೆ ಬೆಳೆದೋರಿಗೆ ಗೊತ್ತು, ನಾನು ಬೇರೆ ಹೇಳಬೇಕಾಗಿಲ್ಲ. ಇದರಿಂದ ಕೆರೆ ತುಂಬಿತು ಅಂತ ಬರೆದ್ರೆ ಸುಳ್ಳಾಗುತ್ತೆ. ರೋಹಿಣಿ ಮಳೆಗೆ ತೂಬಿನ ಹತ್ರ ಎಮ್ಮೆ ಮಲಗೋವಷ್ಟು ನೀರು ನಿಂತಿದೆ. ಮೇಲ್ಗಡೆ ಇನ್ನೂ ಎರಡು ಕಡೆ ಕಾಲುವೆ ಮುಚ್ಚಿದೆ. ಮಕ್ಕಳು ಶಾಲೆ ಗೋಡೆ ಮೇಲೆ ಬರೆದ ನಕ್ಷೇಲಿ ಆ ಎರಡು ಕಡೆ, ನನ್ನದೂ ಸೇರಿ ಮೂರು ಕಡೆ, ಇದ್ದಿಲಿನ ಕಪ್ಪು ಗುರುತು ಇದೆ. ಹೆಸರು ಯಾರದ್ದೂ ಇಲ್ಲ. ಆದ್ರೆ ಊರಲ್ಲಿ ಹೆಸರು ಬರೀಬೇಕಾ?

ಅದಕ್ಕೇ ಸುಣ್ಣ ಹೊಡೀಬೇಕು ಅನ್ನೋ ಹಠ.

ಅವರು ಹೇಳೋದ್ರಲ್ಲಿ ಒಂದು ಮಾತು ಸರಿ ಇದೆ, ಅದನ್ನ ಒಪ್ಪಿಕೊಳ್ತೀನಿ. ‘ದೊಡ್ಡೋರ ಜಗಳಕ್ಕೆ ಮಕ್ಕಳನ್ನ ಮುಂದೆ ಬಿಟ್ರಿ’ ಅಂತಾರೆ. ಆ ತಪ್ಪು ನಮ್ಮದು, ಮುಖ್ಯವಾಗಿ ನನ್ನದು. ನೆಲದ ಮೇಲೆ ಸುಣ್ಣದ ಗೆರೆ ಎಳೆದಾಗಲೇ ಆ ಜಮೀನಿನೋರನ್ನ ಕರೆದು, ‘ಅಣ್ಣಾ, ಹಿಂಗೆ ಕಾಣ್ತಾ ಇದೆ, ನೀವೂ ಅಳತೆ ನೋಡಿ’ ಅನ್ನಬೇಕಿತ್ತು. ಗೋಡೆ ಮೇಲೆ ಬರೆದ ಮೇಲೆ ತೋರಿಸಿದ್ರೆ ಯಾರಿಗಾದ್ರೂ ಅವಮಾನ ಆಗುತ್ತೆ. ನನಗೆ ಬೇಲಿ ಹತ್ರ ನಿಂತು ಯೋಚನೆ ಮಾಡೋಕೆ ಸಮಯ ಸಿಕ್ತು, ಅವರಿಗೆ ಸಿಗಲಿಲ್ಲ. ಮುಂದಿನ ವರ್ಷ ನೆಲದ ನಕ್ಷೆ ಮೊದಲು, ಒಂದು ವಾರ ಎಲ್ಲರೂ ನೋಡಿ ತಕರಾರು ಹೇಳಲಿ, ಬೇಕಾದ್ರೆ ಸರ್ವೇಯರ್ ಬರಲಿ, ಗೋಡೆ ಕೊನೇಗೆ.

ಆದ್ರೆ ಉಳಿದ ಮಾತು ಒಪ್ಪಲ್ಲ. ‘ಮಕ್ಕಳಿಗೆ ಬೇಸಿಗೇಲಿ ಹಾಡು, ಕುಣಿತ, ಚಿತ್ರ ಕಲಿಸಿ ಸಾಕು, ಬೋರು ಕಾಲುವೆ ಅವಕ್ಕೆ ಯಾಕೆ’ ಅಂತಾರೆ. ಯಾಕೆ ಅಂದ್ರೆ ಬೆಳಿಗ್ಗೆ ಬಿಂದಿಗೆ ಹಿಡಿದು ಟ್ಯಾಂಕ್ ಹತ್ರ ನಿಲ್ಲೋದು ಅವೇ. ಶಿಬಿರಕ್ಕೆ ಹೆಣ್ಣುಮಕ್ಕಳು ದಿನಾ ಅರ್ಧ ಗಂಟೆ ತಡವಾಗಿ ಬರ್ತಿದ್ರು, ಕೇಳಿದ್ರೆ ನೀರು ಹಿಡಿದಿಟ್ಟು ಬರಬೇಕಿತ್ತು. ನೀರು ಹೊರೋಕೆ ದೊಡ್ಡೋರಾದ್ರೆ ನೀರಿನ ಲೆಕ್ಕ ಕೇಳೋಕೂ ದೊಡ್ಡೋರೇ.

ಒಂದು ದಿನ ಮೇಷ್ಟ್ರು ‘ಕೆರೆಗೆ ಹಾರ’ದ ಕಥೆ ಹೇಳಿದ್ರು. ಕೆರೆ ಕಟ್ಟಿಸ್ತಾರೆ, ನೀರು ಬರಲ್ಲ, ಕಿರಿಸೊಸೆ ಭಾಗೀರಥಿಯನ್ನ ಬಲಿ ಕೊಡ್ತಾರೆ. ಎಲ್ಲ ಮಕ್ಕಳು ಸುಮ್ಮನೆ ಕೂತಿದ್ವು. ಏಳನೇ ಕ್ಲಾಸಿನ ಒಂದು ಹುಡುಗಿ ಕೈ ಎತ್ತಿ, ‘ಸಾರ್, ಅವರು ಮೊದಲು ಕಾಲುವೆ ನೋಡಿದ್ರಾ?’ ಅಂದ್ಲು. ಮೇಷ್ಟ್ರು ಉತ್ತರ ಹೇಳಲಿಲ್ಲ. ಅವಳಿಗೆ ಆ ಪ್ರಶ್ನೆ ಬಂದಿದ್ದು ಹಿಂದಿನ ದಿನ ಕಾಲುವೇಲಿ ಓಡಿದ್ದಕ್ಕೆ. ಕಥೆ ಇಲ್ಲದೆ ಬರೀ ಅಳತೆ ಕಲಿಸಿದ್ರೂ ಆ ಪ್ರಶ್ನೆ ಬರ್ತಿರಲಿಲ್ಲ, ಓಡಿಸದೆ ಬರೀ ಕಥೆ ಹೇಳಿದ್ರೂ ಬರ್ತಿರಲಿಲ್ಲ. ಕಲೆ, ವಿಜ್ಞಾನ ಎರಡನ್ನೂ ಒಟ್ಟಿಗೆ ಇಡಬೇಕು ಅಂತ ನಾನು ಹೇಳೋದು ಇದಕ್ಕೇ. ಬೋರಿನ ಆಳ ನಮಗೆಲ್ಲ ಗೊತ್ತಿದ್ದದ್ದೇ, ಹಗ್ಗಕ್ಕೆ ಕಟ್ಟಿ ತೋರಿಸೋ ತನಕ ನಾವು ನೋಡಿರಲಿಲ್ಲ.

ಪಕ್ಕದೂರಿನೋರು ಮುಂದಿನ ಏಪ್ರಿಲ್‌ಗೆ ಮಾಡೋದಾದ್ರೆ ನಾಲ್ಕು ಮಾತು. ತೆರೆದ ಬಾವಿ ಹತ್ರ ಮಕ್ಕಳನ್ನ ಬಿಡಬೇಡಿ, ಹಗ್ಗ ಇಳಿಸಿ ಅಳೆಯೋದು ದೊಡ್ಡೋರ ಕೆಲಸ, ಮಕ್ಕಳು ದೂರ ನಿಂತು ಬರೆದುಕೊಳ್ಳಲಿ. ಮುಚ್ಚಳ ಇಲ್ಲದ ಒಣ ಬೋರು ಕಂಡ್ರೆ ಮೊದಲು ಮುಚ್ಚಿಸಿ, ಆಮೇಲೆ ಶಿಬಿರ. ಹನ್ನೊಂದರ ಮೇಲೆ ಬಿಸಿಲಲ್ಲಿ ಇಡಬೇಡಿ. ಬಹುಮಾನ ಇಡಬೇಡಿ, ಇಟ್ಟರೆ ಮತ್ತೆ ನಲ್ಲಿ, ಹನಿ, ಭೂಮಿಯೇ ಬರುತ್ತೆ. ಬಿದಿರು ಮಟ್ಟ, ಪೈಪಿನ ತುಂಡು ನಮ್ಮ ಹತ್ರ ಇವೆ, ಬಂದು ತಗೊಂಡು ಹೋಗಿ.

ಸೋಮವಾರದ ಸಭೆಗೆ ನಾನು ಹೋಗ್ತೀನಿ. ನನ್ನ ಬೇಡಿಕೆ ಇಷ್ಟೇ. ಸುಣ್ಣ ಹೊಡೆಯೋದು ಬೇಡ. ನಕ್ಷೆ ತಪ್ಪು ಅಂತ ಯಾರಾದ್ರೂ ಅಂದ್ರೆ ಸರ್ವೇಯರ್ ಕರೆಸೋಣ, ಅರ್ಜಿಯ ಶುಲ್ಕ ನಾನು ಕಟ್ತೀನಿ, ತಪ್ಪಿದ್ರೆ ಮಕ್ಕಳೇ ಬಂದು ತಿದ್ದುತ್ತವೆ. ಸರಿ ಇದ್ರೆ ಕಪ್ಪು ಗುರುತು ಅಳಿಸೋಕೂ ದಾರಿ ಇದೆ. ನನ್ನ ಬೇಲಿ ಕಿತ್ತ ಮಾರನೇ ದಿನ ನನ್ನ ತಂಗಿ ಮಗಳು ಒಂದು ಲೋಟದಲ್ಲಿ ನೀಲಿ ಕಲಸಿಕೊಂಡು ಬಂದು, ಆ ಇದ್ದಿಲು ಗುರುತಿನ ಮೇಲೆ ತಾನೇ ನೀಲಿ ಹಚ್ಚಿ ಹೋದ್ಲು. ಇನ್ನೆರಡು ಗುರುತಿಗೆ ಆಗೋವಷ್ಟು ನೀಲಿ ಶಾಲೆಯ ಬೀರುವಲ್ಲಿ ಇದೆ.